ವಿಯೆಟ್ನಾಂಗೆ ಹೊರಟವರಿಗೆ ಒಬ್ಬ ಪುಕ್ಕಲಿಯ ಸಲಹೆಗಳು

ಹೆದರುವವರನ್ನೇ ಹುಡುಕಿಕೊಂಡು ಹೆದರುವಂಥ ಸಂಗತಿಗಳು ಬರುತ್ತವೆ ಎನ್ನುವುದಕ್ಕೆ ನಾನೇ ಸಾಕ್ಷಿ. ಹಲ್ಲಿ ಕಂಡರೆ ಭಯ, ಲಿಫ್ಟ್ ಕಂಡರೆ ಭಯ. ಮಧುಗಿರಿ ಬೆಟ್ಟವನ್ನು ಹುಟ್ಟಿದಾಗಿನಿಂದ ಅಡುಗೆಮನೆಯ ಕಿಟಕಿಯಲ್ಲಿ ನೋಡುತ್ತಿದ್ದೇನೆ, ಅರ್ಧಕ್ಕಿಂತ ಮೇಲೆ ಒಂದು ದಿನವೂ ಹತ್ತಿಲ್ಲ. ಇಂಥ ಹೆಂಗಸು ಹೊಟ್ಟೆಪಾಡಿಗೆ ಹಿಡಿದ ಕೆಲಸ ಯಾವುದು ಅಂದರೆ, ಜನರನ್ನು ಟೂರ್ ಕರೆದುಕೊಂಡು ಹೋಗುವುದು.

ಮೊದಲು ಧರ್ಮಸ್ಥಳ, ತಿರುಪತಿ ಅಂತ ಟೆಂಪೋ ಟ್ರಾವೆಲರ್‌ನಲ್ಲಿ ಹೇಗೋ ಸುಖವಾಗಿದ್ದೆ. ಆಮೇಲೆ ಜನ ಮೊಬೈಲಿನಲ್ಲಿ ವಿಯೆಟ್ನಾಂ ನೋಡತೊಡಗಿದರು. “ಮೇಡಂ, ವಿಯೆಟ್ನಾಂಗೆ ಯಾವಾಗ ಬಿಡ್ತೀರಾ?” ಅಂತ ಅದೇನೋ ತುಮಕೂರು ದಾಟಿದ ಕೂಡಲೇ ಸಿಗುವ ಊರಿನ ಹಾಗೆ ಕೇಳತೊಡಗಿದರು. ಆಗಲ್ಲ ಅಂದರೆ ಬೆಂಗಳೂರಿನವರ ಹತ್ತಿರ ಹೋಗುತ್ತಾರಲ್ಲ, ಅದೂ ಒಂದು ಭಯ. ಹೂಂ ಅಂದುಬಿಟ್ಟೆ.

ಈಗ ಹಲವು ಸಲ ಹೋಗಿ ಬಂದಿದ್ದೇನೆ. ಹೊಸದಾಗಿ ಹೊರಟವರು ಸಲಹೆ ಕೇಳಿಕೊಂಡು ಮನೆಗೇ ಬರುತ್ತಾರೆ. ಕೊಡೆ ಇಟ್ಟುಕೊಳ್ಳಿ, ದುಡ್ಡು ಏರ್‌ಪೋರ್ಟಿನಲ್ಲಿ ಬದಲಾಯಿಸಬೇಡಿ ಅನ್ನುವುದನ್ನೆಲ್ಲ ಯಾರು ಬೇಕಾದರೂ ಹೇಳುತ್ತಾರೆ. ನಾನು ಹೇಳುವುದು ಎದೆ ಹೊಡೆದುಕೊಂಡು ಕಲಿತ ಮಾತು. ಅಷ್ಟನ್ನೂ ಕಲಿತದ್ದು ಮೊದಲನೇ ಟೂರಿನಲ್ಲಿ, ಹನೋಯ್ ಎಂಬ ಊರಿನಲ್ಲಿ.

ಆ ಟೂರಿಗೆ ಬಂದವರು ಕಡಿಮೆ ಜನ. ಶಿರಾದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಚಾಚಾ, ಅವರ ಮನೆಯವರಾದ ಚಾಚಿ. ಕೊರಟಗೆರೆಯಿಂದ ರಿಟೈರ್ಡ್ ಮೇಷ್ಟ್ರು, ಅವರ ಹೆಂಡತಿ. ಇನ್ನೊಬ್ಬರು ಪಾವಗಡದಲ್ಲಿ ಕಡಲೆಕಾಯಿ ಎಣ್ಣೆ ಗಾಣ ನಡೆಸುವ ಯಜಮಾನರು. ಇವರು ತಾವಾಗಿ ಬಂದವರಲ್ಲ, ಮಗಳು ಅಟ್ಟಿದ್ದು. ಆಕೆಗೆ ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿರಲಿಲ್ಲ. ಯಜಮಾನರು ನಾಗಲಮಡಿಕೆ ಸುಬ್ರಮಣ್ಯನಿಗೆ ಹರಕೆ ಹೊತ್ತ ಮೇಲೆ ಬಸುರಿಯಾಗಿದ್ದಳು. ಅಲ್ಲಿಂದ ಈತ ಮಗಳ ಬೆನ್ನು ಬಿಟ್ಟಿರಲಿಲ್ಲ. ಮೆಟ್ಟಿಲು ಇಳೀಬೇಡ, ಜೋರಾಗಿ ಸೀನಬೇಡ, ಗ್ರಹಣ ಇಲ್ಲದಿದ್ದರೂ ಬಾಗಿಲು ಹಾಕಿಕೋ.

ಆಕೆ ನನಗೆ ಫೋನ್ ಮಾಡಿ, “ಮೇಡಂ, ನಮ್ಮಪ್ಪನ್ನ ಒಂದು ವಾರ ಎಲ್ಲಿಗಾದ್ರೂ ಕರ್ಕೊಂಡೋಗಿ. ದೂರ ಇದ್ದಷ್ಟೂ ಒಳ್ಳೇದು. ಡೇಟ್ ಇನ್ನೂ ಮುಂದೈತೆ. ಅವರು ಇಲ್ಲೇ ಇದ್ರೆ ಅವರ ಭಯಕ್ಕೇ ನಂಗೆ ಏನಾದ್ರೂ ಆಗೋಗ್ತದೆ,” ಅಂದಳು.

ಹೆದರುವವರನ್ನು ನೋಡಿಕೊಳ್ಳುವುದಕ್ಕೆ ನನಗಿಂತ ಬೇರೆ ಯಾರೂ ಸಿಗಲಿಲ್ಲವೇ ಈಕೆಗೆ ಅಂದುಕೊಂಡೆ. ಟಿಕೆಟ್ ಮಾಡಿಸಿದೆ.

ರಸ್ತೆ ದಾಟುವಾಗ ಕೈ ಎತ್ತಬೇಡಿ

ಹನೋಯ್‌ನಲ್ಲಿ ರಸ್ತೆ ಅಂದರೆ ರಸ್ತೆ ಕಾಣುವುದಿಲ್ಲ, ಬೈಕ್ ಕಾಣುತ್ತವೆ. ಸ್ಕೂಟರುಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತಲೇ ಇರುತ್ತವೆ. ಒಂದರ ಮೇಲೆ ಹಂದಿಮರಿ, ಇನ್ನೊಂದರ ಮೇಲೆ ಬೀರು. ನಿಲ್ಲುವುದು ಅಂತ ಇಲ್ಲವೇ ಇಲ್ಲ. ನಮ್ಮ ಗೈಡ್ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಿ ಹೇಳಿದೆ. “ನಿಧಾನವಾಗಿ ನಡೀತಾ ಇರಬೇಕಂತೆ. ಓಡಬಾರದು, ನಿಲ್ಲಬಾರದು, ವಾಪಸ್ ಬರಬಾರದು. ಅವರೇ ನಮ್ಮನ್ನ ಬಳಸ್ಕೊಂಡು ಹೋಗ್ತಾರಂತೆ.”

ನಾವು ಶಿರಾ ಹೈವೇ ದಾಟಿ ಅಭ್ಯಾಸವಾದವರು. ನಮ್ಮ ಕ್ರಮವೇ ಬೇರೆ. ಮೊದಲು ಓಡಬೇಕು, ಮಧ್ಯದಲ್ಲಿ ನಿಲ್ಲಬೇಕು, ಲಾರಿ ನೋಡಿ ವಾಪಸ್ ಓಡಬೇಕು. ಯಜಮಾನರು ಒಂದು ಹೆಜ್ಜೆ ಇಟ್ಟು ಎರಡು ಹೆಜ್ಜೆ ಹಿಂದಕ್ಕೆ ಬಂದು, “ಅಮ್ಮಾ, ನಾನು ಈ ಕಡೆಯೇ ಇರ್ತೀನಿ. ಈ ಕಡೆ ಏನೇನೈತೋ ಅದನ್ನೇ ನೋಡ್ಕೊಂಡು ಊರಿಗೆ ಹೋಗಾನ,” ಅಂದರು. ನನಗೂ ಅದೇ ಸರಿ ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಆಗ ಶಿರಾದ ಚಾಚಾ ಮುಂದೆ ಬಂದರು. “ಅರೆ, ನೀವೆಲ್ಲ ಹಿಂದೆ ಸರೀರಿ. ಕಳ್ಳಂಬೆಳ್ಳ ಗೇಟಲ್ಲಿ ನಿಲ್ಲದಿರೋ ಬಸ್ಸನ್ನೇ ನಿಲ್ಲಿಸಿದೀನಿ, ಇದ್ಯಾವ ಲೆಕ್ಕ,” ಅಂತ ರಸ್ತೆಗೆ ಒಂದು ಕಾಲಿಟ್ಟು, ಬಲಗೈ ಮೇಲೆತ್ತಿ ಜೋರಾಗಿ ಬೀಸಿದರು.

ಒಂದು ಬೈಕ್ ನಿಜವಾಗಿಯೂ ನಿಂತಿತು. ಅದು ಬಾಡಿಗೆ ಬೈಕು. ಓಡಿಸುವವನು ನಗುನಗುತ್ತ ಒಂದು ಹೆಲ್ಮೆಟ್ ತೆಗೆದು ಚಾಚಾ ತಲೆಗೆ ಹಾಕಿ, ಗದ್ದದ ಕೆಳಗೆ ಪಟ್ಟಿ ಬಿಗಿದು, ಹಿಂದಿನ ಸೀಟು ತಟ್ಟಿ ತೋರಿಸಿದ. ಚಾಚಾಗೆ ಅದೇನು ಅನ್ನಿಸಿತೋ, ಹತ್ತಿ ಕೂತೇಬಿಟ್ಟರು. ನಾವು “ಅಯ್ಯೋ ಅಯ್ಯೋ” ಅನ್ನುವುದರೊಳಗೆ ಬೈಕು ಮಾಯ. ಚಾಚಿ ಅಲ್ಲೇ ಕಲ್ಲಿನ ಮೇಲೆ ಕುಸಿದು, “ಯಾ ಅಲ್ಲಾ, ನನ್ನ ಗಂಡನ್ನ ಎತ್ಕೊಂಡ್ ಹೋದ್ರಲ್ಲಾ!” ಅಂತ ಅಳುವುದಕ್ಕೆ ಶುರು ಮಾಡಿದರು. ಮೊದಲನೇ ದಿನ, ಮೊದಲನೇ ರಸ್ತೆ, ಒಬ್ಬರು ಹೋದರು. ಶಿರಾಕ್ಕೆ ಹೋಗಿ ಅವರ ಮಕ್ಕಳಿಗೆ ಯಾವ ಮುಖ ತೋರಿಸಲಿ ಅಂತ ಗೈಡ್ ಹುಡುಗಿಯ ತೋಳು ಹಿಡಿದು ಅಲ್ಲಾಡಿಸುತ್ತಿದ್ದೆ.

ಸ್ವಲ್ಪ ಹೊತ್ತಿಗೆ ರಸ್ತೆಯ ಆಚೆ ದಡದಲ್ಲಿ ಯಾರೋ ಕೈ ಬೀಸಿದರು. ನೋಡಿದರೆ ಚಾಚಾ. ಎಲ್ಲಿಗೆ ಅಂತ ಹೇಳಲು ಬಾರದೆ ಕೈ ತೋರಿಸುತ್ತ ಹೋಗಿ, ಅಲ್ಲಿನ ಕೆರೆಗೆ ಒಂದು ಸುತ್ತು ಹಾಕಿ, ಎದುರಿಗೆ ಬಂದು ಇಳಿದಿದ್ದರು. ಚಾಚಿ ಅಳು ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ಬೈಕುಗಳ ನಡುವೆ ಎಡಕ್ಕೂ ಬಲಕ್ಕೂ ನೋಡದೆ ಸೀದಾ ನಡೆದು ಆಚೆ ಸೇರಿದರು. ಗೈಡ್ ಹೇಳಿದ ಹಾಗೆಯೇ ಎಲ್ಲರೂ ಅವರನ್ನು ಬಳಸಿಕೊಂಡು ಹೋದರು. ಗಂಡನಿಗೆ ನಾಲ್ಕು ಬೈಯಬೇಕು ಅನ್ನುವ ಹೆಂಗಸಿಗೆ ಯಾವ ದೇಶದ ಟ್ರಾಫಿಕ್ಕೂ ದಾರಿ ಬಿಡುತ್ತದೆ.

ವಯಸ್ಸು ಕೇಳಿದರೆ ನಿಜ ಹೇಳಿ

ಆ ದೇಶದಲ್ಲಿ ಮುಖ ನೋಡಿದ ಕೂಡಲೇ ವಯಸ್ಸು ಕೇಳುತ್ತಾರೆ. ಅದು ಅಧಿಕಪ್ರಸಂಗವಲ್ಲ, ಮರ್ಯಾದೆ. ನಮ್ಮ ಹಾಗೆಯೇ ಅವರಿಗೂ ಎದುರಿಗಿರುವವರು ಅಕ್ಕನೋ, ಅಣ್ಣನೋ, ಅಜ್ಜನೋ ಅಂತ ತಿಳಿಯದೆ ಮಾತೇ ಹೊರಡುವುದಿಲ್ಲ. ಇದನ್ನು ನಾನು ನಮ್ಮವರಿಗೆ ಮೊದಲೇ ಹೇಳಬೇಕಿತ್ತು.

ಹೋಟೆಲಿನ ಕೌಂಟರಿನ ಹುಡುಗಿ ನಮ್ಮೆಲ್ಲರ ಪಾಸ್‌ಪೋರ್ಟ್ ತೆಗೆದುಕೊಂಡು ಒಳಗೆ ಇಟ್ಟಳು. ಆಮೇಲೆ ಕೊರಟಗೆರೆ ಮೇಷ್ಟ್ರ ಹೆಂಡತಿಯನ್ನು ನೋಡಿ ನಕ್ಕು, ವಯಸ್ಸೆಷ್ಟು ಅಂತ ಗೈಡ್ ಕೈಲಿ ಕೇಳಿಸಿದಳು. ಈ ಅಮ್ಮ ಕೊರಟಗೆರೆಯಲ್ಲಿ ಮದುವೆ ಮನೆಗಳಲ್ಲಿ ಹೇಳುವ ಹಾಗೆಯೇ ಒಂದಷ್ಟು ವರ್ಷ ಬಿಟ್ಟು ಹೇಳಿದರು. ಹುಡುಗಿ ಅಂದಿನಿಂದ ಅವರನ್ನು ತನ್ನ ಭಾಷೆಯಲ್ಲಿ ಅಕ್ಕ ಅನ್ನತೊಡಗಿದಳು. ಮೇಷ್ಟ್ರನ್ನು ಅಜ್ಜ ಅಂದಳು.

ರೂಮಿಗೆ ಹೋದ ಮೇಲೆ ಈ ಅಮ್ಮನಿಗೆ ಪಾಸ್‌ಪೋರ್ಟ್ ನೆನಪಾಯಿತು. ನನ್ನ ರೂಮಿಗೆ ಓಡಿಬಂದರು. “ಅಯ್ಯೋ ಮೇಡಂ, ಅದ್ರಾಗೆ ಹುಟ್ಟಿದ ತಾರೀಕು ಐತಲ್ರೀ! ಪರದೇಶದಾಗೆ ಸುಳ್ಳು ಹೇಳ್ಬುಟ್ಟೆ. ಪೊಲೀಸ್ನೋರು ಬರ್ತಾರಾ?” ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಹೆದರುವುದೇ ನನ್ನ ಪದ್ಧತಿ, ಆದ್ದರಿಂದ ನಾನೂ ಹೆದರಿದೆ. ಹೋಗಿ ನಿಜ ಹೇಳಿಬಿಡೋಣ ಅಂದರೆ, “ಅಕ್ಕ ಅಕ್ಕ ಅಂತ ಬಾಯ್ತುಂಬ ಕರೀತೈತೆ ಆ ಮಗಾ, ಹೆಂಗೆ ಹೇಳ್ಲಿ?” ಅಂದರು. ದಿನಾ ಬೆಳಗ್ಗೆ ತಿಂಡಿಗೆ ಇಳಿಯುವಾಗ ಕೌಂಟರಿನಲ್ಲಿ ಖಾಕಿ ಬಟ್ಟೆ ಇದೆಯೇ ಅಂತ ಮೆಟ್ಟಿಲ ಮೇಲೆ ನಿಂತು ಇಣುಕುತ್ತಿದ್ದರು. ಅವರ ಹಿಂದೆ ನಾನು ಇಣುಕುತ್ತಿದ್ದೆ. ಈ ನಡುವೆ ಹೋಟೆಲಿನವರು, ವಯಸ್ಸಾದ ತಂದೆಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಈ ಅಕ್ಕ ಅಂತ ಹೊಗಳಿ ಮೇಷ್ಟ್ರಿಗೆ ಮೆತ್ತಗಿನ ಗಂಜಿ ತಂದಿಡುತ್ತಿದ್ದರು.

ಹೋಟೆಲು ಬಿಡುವ ದಿನ ಹುಡುಗಿ ಪಾಸ್‌ಪೋರ್ಟುಗಳನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು. ಅಲ್ಲಿ ದೊಡ್ಡವರಿಗೆ ಏನು ಕೊಟ್ಟರೂ ಎರಡು ಕೈಯಲ್ಲೇ ಕೊಡಬೇಕು, ಎರಡು ಕೈಯಲ್ಲೇ ತೆಗೆದುಕೊಳ್ಳಬೇಕು. ಮೇಷ್ಟ್ರ ಹೆಂಡತಿ ಎರಡೂ ಕೈ ಚಾಚಿದರು. ತಡೆಯಲಾರದೆ ನಿಜ ಒಪ್ಪಿಕೊಂಡರು. ಹುಡುಗಿ ನಕ್ಕಳು. ಗೈಡ್ ಹೇಳಿದ್ದನ್ನು ನಾನು ಕನ್ನಡ ಮಾಡಿದೆ. “ಮೊದಲ ದಿನವೇ ಗೊತ್ತಾಗಿತ್ತಂತೆ. ಅಕ್ಕ ಅಂದ್ರೆ ನೀವು ತುಂಬ ಸಂತೋಷ ಪಡ್ತಿದ್ರಂತೆ, ಅದಕ್ಕೇ ಹಂಗೇ ಕರೆದಳಂತೆ.”

ಮೇಷ್ಟ್ರು ಮುಂದೆ ಬಂದರು. “ಹಂಗಾದ್ರೆ ನನ್ನ ಯಾಕಮ್ಮ ಅಜ್ಜ ಅಂದೆ?”

“ಅದು ಪಾಸ್‌ಪೋರ್ಟ್ ನೋಡಿಯೇ ಅಂದದ್ದು,” ಅಂದಳು ಹುಡುಗಿ.

ಕೋಳಿ ಕಾಲು ಕಂಡರೆ ಕಿರುಚಬೇಡಿ

ಸಸ್ಯಾಹಾರಿಗಳು ಅಲ್ಲಿ ಉಪವಾಸ ಬೀಳುವುದಿಲ್ಲ. ಅವರಲ್ಲೂ ಹುಣ್ಣಿಮೆಗೆ, ಅಮಾವಾಸ್ಯೆ ಮಾರನೆಗೆ ಮಾಂಸ ಬಿಡುವವರು ಬಹಳ ಜನ. ಸಸ್ಯಾಹಾರಕ್ಕೇ ಬೇರೆ ಹೋಟೆಲುಗಳಿವೆ. ಆದರೆ ಒಂದು ತೊಂದರೆ. ಸೋಯಾ, ಅಣಬೆಗಳಲ್ಲೇ ಕೋಳಿ, ಮೀನು, ಸೀಗಡಿ ಎಲ್ಲವನ್ನೂ ಮಾಡಿಡುತ್ತಾರೆ, ಚರ್ಮದ ಸುಕ್ಕು ಸಹಿತ.

ಮೇಷ್ಟ್ರು ಜೀವನದಲ್ಲಿ ಮೊಟ್ಟೆ ಮುಟ್ಟಿದವರಲ್ಲ. ಅಪ್ಪಟ ಸಸ್ಯಾಹಾರ ಅಂತ ನಾನು ಧೈರ್ಯ ಹೇಳಿ ಕೂರಿಸಿದೆ. ಎದುರಿಗೆ ತಟ್ಟೆ ಬಂತು. ಅದರಲ್ಲಿ ಕೋಳಿ ಕಾಲು. ಮೇಷ್ಟ್ರು ಒಂದು ಸಲ ಕಿರುಚಿ ಕುರ್ಚಿ ಸಮೇತ ಹಿಂದಕ್ಕೆ ಹೋದರು. ಕುರ್ಚಿ ಅಂದರೆ ಅಲ್ಲಿ ಬಚ್ಚಲುಮನೆ ಸ್ಟೂಲಿನಷ್ಟಿರುತ್ತದೆ, ಬಿದ್ದರೂ ಪೆಟ್ಟಾಗಲಿಲ್ಲ. “ಇದು ಸೋಯಾ ಅಂತೆ ಮೇಷ್ಟ್ರೇ,” ಅಂದೆ. “ಸೋಯಾಗೆ ಮೂಳೆ ಇರ್ತದೇನಮ್ಮ?” ಅಂತ ಕೇಳಿದರು. ಮೂಳೆ ಇತ್ತು. ಮುಟ್ಟಿ ನೋಡಿದರೆ ನಿಂಬೆಹುಲ್ಲಿನ ಕಡ್ಡಿ. ಆದರೂ ನನಗೇ ಅನುಮಾನ. ನನ್ನ ಮಾತು ನಂಬಿ ಈ ವಯಸ್ಸಿನಲ್ಲಿ ಕೆಟ್ಟರೆ ಆ ಪಾಪ ಯಾರಿಗೆ?

ಕೊನೆಗೆ ದಾರಿ ತೋರಿಸಿದವರು ಚಾಚಾ. ಹಲಾಲ್ ಸಿಗುವ ಕಡೆ ದೂರವಾದ್ದರಿಂದ ಅವರೂ ಚಾಚಿಯೂ ಸಸ್ಯಾಹಾರಿ ಹೋಟೆಲಿಗೇ ಬರುತ್ತಿದ್ದರು. “ಮೇಷ್ಟ್ರೇ, ಕೋಳಿ ಹೆಂಗಿರ್ತದೆ ಅಂತ ನಿಮಗೆ ಗೊತ್ತಿಲ್ಲ. ನಂಗೆ ಗೊತ್ತು. ನಾನು ರುಚಿ ನೋಡಿ ಹೇಳ್ತೀನಿ,” ಅಂದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, “ಕೋಳಿ ಅಲ್ಲ,” ಅಂತ ತೀರ್ಪು ಕೊಟ್ಟರು. ಅಂದಿನಿಂದ ಚಾಚಾ ಒಪ್ಪಿಗೆ ಕೊಡದೆ ಮೇಷ್ಟ್ರು ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ಮೀನು ಬಂದರೆ “ಮೀನಲ್ಲ”, ಸೀಗಡಿ ಬಂದರೆ “ಸೀಗಡಿ ಅಲ್ಲ”. ಇಬ್ಬರೂ ಒಂದೇ ತಟ್ಟೆಗೆ ಬಾಗಿ ಕೂತಿರುವುದನ್ನು ನೋಡುವುದಕ್ಕೆ ಚೆನ್ನಾಗಿತ್ತು.

ಒಂದು ಮಧ್ಯಾಹ್ನ ಮೇಷ್ಟ್ರ ಮುಂದೆ ಘಮಘಮ ಅನ್ನುವ ಏನೋ ಬಂತು. ಚಾಚಾ ಒಂದು ಚೂರು ತಿಂದರು. ಸುಮ್ಮನಾದರು. ಮೇಷ್ಟ್ರ ಮುಖ ಬಿಳಿಚಿತು. “ಏನು ಸಾಹೇಬ್ರೇ?” “ಒಂದು ನಿಮಿಷ. ಇನ್ನೊಂದು ತುಂಡು ಕೊಡಿ.” ತಿಂದರು. ಹಣೆ ಗಂಟಿಕ್ಕಿದರು. “ಇದು ಸ್ವಲ್ಪ ಕಷ್ಟದ್ದು. ಆ ಕಡೆ ತುಂಡು ಕೊಡಿ.” ನಾನು ಉಸಿರು ಹಿಡಿದು ನೋಡುತ್ತಿದ್ದೆ. ಕೊನೆಗೆ ಕೈ ಒರೆಸಿಕೊಂಡು ಚಾಚಾ ಹೇಳಿದರು, “ಬೇಫಿಕರ್ ತಿನ್ನಿ ಮೇಷ್ಟ್ರೇ, ಶುದ್ಧ ಸೋಯಾ.” ಅಷ್ಟು ಹೊತ್ತಿಗೆ ತಟ್ಟೆಯೂ ಶುದ್ಧವಾಗಿತ್ತು.

ಕಡ್ಡಿಯನ್ನು ಅನ್ನಕ್ಕೆ ಚುಚ್ಚಬೇಡಿ

ಇದು ಚಿಕ್ಕದು, ಆದರೆ ಮುಂದಿನದಕ್ಕೆ ಬೀಜ ಬಿದ್ದದ್ದು ಇಲ್ಲೇ.

ಊರ ಹೊರಗೆ ಒಂದು ಮನೆಯಲ್ಲಿ ನಮಗೆ ಊಟ ಏರ್ಪಾಡಾಗಿತ್ತು. ಬಟ್ಟಲು ತುಂಬ ಅನ್ನ ಕೊಟ್ಟು, ತಿನ್ನುವುದಕ್ಕೆ ಎರಡು ಕಡ್ಡಿ ಕೊಟ್ಟರು. ಪಾವಗಡದ ಯಜಮಾನರು ಊಟಕ್ಕೆ ಮುಂಚೆ ಸುಬ್ರಮಣ್ಯನನ್ನು ನೆನೆದು ಕೈ ಮುಗಿಯದೆ ಎಂದೂ ತಿಂದವರಲ್ಲ. ಕೈ ಮುಗಿಯಬೇಕಾದರೆ ಕಡ್ಡಿ ಎಲ್ಲಿಡುವುದು? ಅನ್ನದ ಮಧ್ಯಕ್ಕೆ ನೆಟ್ಟಗೆ ಚುಚ್ಚಿ, ಕಣ್ಣು ಮುಚ್ಚಿ ಕೈ ಮುಗಿದರು.

ಮನೆಯೊಡತಿ ಕೂಗಿಕೊಂಡು ಬಂದು ಕಡ್ಡಿಗಳನ್ನು ಕಿತ್ತಳು. ಯಜಮಾನರು ಕಣ್ಣು ಬಿಟ್ಟರೆ ಸುತ್ತ ಎಲ್ಲರೂ ಗಾಬರಿಯಾಗಿ ನಿಂತಿದ್ದಾರೆ. ಗೈಡ್ ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು. ಹಾಗೆ ಕಡ್ಡಿ ಚುಚ್ಚಿದ ಅನ್ನ ಇಡುವುದು ಸತ್ತವರಿಗೆ ಮಾತ್ರವಂತೆ. ಅದನ್ನು ನಾನು ಯಜಮಾನರಿಗೆ ಹೇಳಬಾರದಿತ್ತು. ಹೇಳಿಬಿಟ್ಟೆ.

“ಅಯ್ಯಯ್ಯೋ ನಾಯನಾ! ತುಂಬಿದ ಬಸುರಿ ಮಗಳನ್ನ ಮನೇಲಿ ಬುಟ್ಟು ಬಂದು, ಇಲ್ಲಿ ಎಡೆ ಇಟ್ಬುಟ್ನಾ?” ಅಂತ ಎದೆ ಹಿಡಿದುಕೊಂಡು ಮಗಳಿಗೆ ಫೋನ್ ಹಚ್ಚಿದರು. “ಅಮ್ಮಾ, ಎಟ್ಲುನ್ನಾವಮ್ಮಾ? ಹೆಂಗಿದೀಯವ್ವಾ?” ಆ ಕಡೆಯಿಂದ ಮಗಳ ದನಿ ನಮಗೆಲ್ಲ ಕೇಳಿಸಿತು. “ಚೆನ್ನಾಗಿದೀನಪ್ಪಾ, ಈಗ ತಾನೇ ನಿದ್ದೆ ಹತ್ತಿತ್ತು. ಕಡ್ಡಿ ಆಗದಿದ್ರೆ ಕೈಯಾಗೆ ತಿನ್ನು, ಇಡು ಫೋನು!” ಅಂದಿನಿಂದ ಯಜಮಾನರು ಆ ದೇಶದಲ್ಲಿ ಹಲ್ಲುಕಡ್ಡಿಯನ್ನೂ ಮುಟ್ಟಲಿಲ್ಲ.

ಬಾಟ್ಲಿ ಅಂಗಡಿ ಮುಂದೆ ನಿಲ್ಲಬೇಡಿ

ಊರಿಗೆ ಹೊರಡುವ ಹಿಂದಿನ ದಿನ. ಹುಣ್ಣಿಮೆ. ಬೆಳಗ್ಗೆ ಹಳೇ ಪೇಟೆಯಲ್ಲಿ ಸಾಲು ಅಂಗಡಿ ನೋಡುತ್ತ ಹೋಗುತ್ತಿದ್ದೆವು. ನಮ್ಮ ಹಿಂದೆ ಬರುತ್ತಿದ್ದ ಯಜಮಾನರು ಇಲ್ಲ. ತಿರುಗಿ ನೋಡಿದರೆ ಒಂದು ಅಂಗಡಿಯ ಮುಂದೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಕೈ ಮುಗಿದು ನಿಂತಿದ್ದಾರೆ. ಕಪಾಟಿನ ತುಂಬ ಗಾಜಿನ ಬಾಟ್ಲಿ. ಅದರೊಳಗೆ ಹಳದಿ ಹೆಂಡ. ಹೆಂಡದೊಳಗೆ ಹೆಡೆ ಬಿಚ್ಚಿದ ನಾಗರಹಾವು.

ನಾನು ಅಲ್ಲೇ ಕೂತುಬಿಟ್ಟೆ. ಹಲ್ಲಿಗೆ ಹೆದರುವವಳ ಗತಿ ನೀವೇ ಯೋಚಿಸಿ. ಆದರೆ ನನ್ನದು ಬರೀ ಹಾವಿನ ಭಯ, ಅವರದು ಮಗಳ ಭಯ. ಪಾವಗಡದ ಕಡೆ ಸತ್ತ ನಾಗರ ಕಣ್ಣಿಗೆ ಬಿದ್ದರೆ ಹಾಗೇ ದಾಟಿ ಹೋಗುವ ಹಾಗಿಲ್ಲ. ಹಾಲೆರೆದು, ತುಪ್ಪ ಹಾಕಿ ಸುಟ್ಟು, ಸ್ನಾನ ಮಾಡಿ ಮನೆಗೆ ಹೋಗಬೇಕು. ಅದೂ ಸುಬ್ರಮಣ್ಯನ ಹರಕೆಯಿಂದ ಬಸುರಿಯಾದ ಮಗಳಿರುವಾಗ! “ದಾಟಿ ಹೋದ್ರೆ ಮನೆಗೆ ತಗುಲ್ತದೆ ಕಣಮ್ಮಾ,” ಅಂದರು. ಮೇಷ್ಟ್ರು, “ಅದು ಅವರ ಔಷಧಿ ಕಣ್ರೀ, ನಮ್ಮ ಶಾಸ್ತ್ರ ಇಲ್ಲಿಗೆ ಅನ್ವಯಿಸಲ್ಲ,” ಅಂತ ಕೈ ಹಿಡಿದು ಎಳೆದುಕೊಂಡು ಬಂದರು.

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಯಜಮಾನರ ಹೆಂಡತಿಯ ಫೋನ್ ಬಂತು. ಮಗಳಿಗೆ ಬೆಳಗ್ಗಿನಿಂದಲೇ ನೋವು ಶುರುವಾಗಿದೆ, ದಿನ ತುಂಬುವ ಮೊದಲೇ ಬಂದಿದೆ, ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದೇವೆ. ಅಷ್ಟು ಹೇಳುವುದರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಸಿಗಲಿಲ್ಲ.

ಯಜಮಾನರು ಅಳಲಿಲ್ಲ, ಕೂಗಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ತಟ್ಟೆ ಆಚೆ ಸರಿಸಿ ಎದ್ದು, “ನಾನು ಆ ಅಂಗಡಿಗೆ ಹೋಗ್ತೀನಿ. ಯಾರೂ ಅಡ್ಡ ಬರಬೇಡ್ರಿ,” ಅಂದರು. ಮೇಷ್ಟ್ರು ಕೂಡ ಕೈ ತೊಳೆದುಕೊಂಡು ಎದ್ದರು. ಚಾಚಾ ತಮ್ಮ ಟೋಪಿ ಸರಿಮಾಡಿಕೊಂಡು, “ನಡೀರಿ ಯಜಮಾನ್ರೇ. ಸತ್ತಿದ್ದು ಯಾವುದಾದ್ರೇನು, ಸೀಸೆಯಾಗೆ ಇಡೋದು ಸರಿಯಲ್ಲ. ಸಾಗಿಸಿಬಿಡಾನ,” ಅಂದರು. ನನಗೆ ಪೊಲೀಸಿನ ಭಯ, ಬೆಂಕಿಯ ಭಯ, ಹಾವಿನ ಭಯ. ಎಲ್ಲಕ್ಕಿಂತ ಹೆಚ್ಚಾಗಿ, ಆ ಹುಡುಗಿಗೆ ಏನಾದರೂ ಆಗಿಬಿಟ್ಟರೆ ಎನ್ನುವ ಭಯ. ಎಲ್ಲರ ಹಿಂದೆ ನಾನೂ ಹೋದೆ.

ಅಂಗಡಿಯಾಕೆ ಹಲ್ಲಿಲ್ಲದ ಅಜ್ಜಿ. ಯಜಮಾನರು ಬೆಳಗ್ಗೆ ನೋಡಿದ್ದ ಬಾಟ್ಲಿ ತೋರಿಸಿ, ಆಕೆ ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಟ್ಟರು. ಅಜ್ಜಿಗೆ ಪರಮಾನಂದ. ಬಾಟ್ಲಿ ತಟ್ಟಿ ಏನೋ ಹೇಳಿ ಕಣ್ಣು ಹೊಡೆದಳು. ಗೈಡ್ ಹುಡುಗಿ ಕೆಂಪಾಗಿ, ದಿನಾ ಒಂದು ಲೋಟ ಕುಡಿದರೆ ಈ ವಯಸ್ಸಿನಲ್ಲೂ ಮಕ್ಕಳಾಗುತ್ತವಂತೆ ಅಂದಳು. ನಾನು ಯಜಮಾನರಿಗೆ, “ಒಳ್ಳೇದಾಗ್ಲಿ ಅಂತಿದಾರೆ,” ಅಂತ ಕನ್ನಡ ಮಾಡಿದೆ.

ಕುಡಿಯುವುದಕ್ಕಲ್ಲ, ಸುಡುವುದಕ್ಕೆ ಅಂತ ತಿಳಿಸಿದಾಗ ಅಜ್ಜಿಯ ನಗು ನಿಂತಿತು. ಬಾಟ್ಲಿಯನ್ನೂ ಯಜಮಾನರ ಮುಖವನ್ನೂ ನೋಡಿದಳು. ಸತ್ತದ್ದು ಇವರಿಗೆ ಏನಾಗಬೇಕು ಅಂತ ಕೇಳಿಸಿದಳು. ಯಜಮಾನರು, “ನಮ್ಮ ಮನೆದೇವರ ಕಡೆಯೋರು,” ಅಂದರು. ಗೈಡ್ ಅದನ್ನು ಹೇಗೆ ಹೇಳಿದಳೋ, ಅಜ್ಜಿ ಮರುಕದಿಂದ ಅವರ ಬೆನ್ನು ಸವರಿದಳು. ಹತ್ತಿರದ ನೆಂಟರು ಅಂತ ತಿಳಿದುಕೊಂಡಳೆಂದು ಕಾಣುತ್ತದೆ.

ಅಲ್ಲಿಂದ ಯಜಮಾನಿಕೆ ಅವಳದೇ ಆಯಿತು. ಹುಣ್ಣಿಮೆ ದಿನ ಅವರು ಸತ್ತ ಹಿರಿಯರಿಗೆ ಬೇಕಾದದ್ದನ್ನೆಲ್ಲ ಕಾಗದದಲ್ಲಿ ಮಾಡಿಸಿ, ಅಂಗಡಿ ಮುಂದೆ ತಗಡಿನ ಡಬ್ಬದಲ್ಲಿ ಸುಡುತ್ತಾರೆ. ಹೊಗೆಯಲ್ಲಿ ಅವರಿಗೆ ಹೋಗಿ ಸೇರುತ್ತದೆ ಅನ್ನುವ ನಂಬಿಕೆ. ಸಂಜೆ ಅಜ್ಜಿ ಅದೇ ಡಬ್ಬ ತಂದು ಫುಟ್‌ಪಾತಿನಲ್ಲಿಟ್ಟಳು. ಯಜಮಾನರು ಬಾಟ್ಲಿಯ ಹೆಂಡವನ್ನು ಚರಂಡಿಗೆ ಸುರಿದರು. ಚಾಚಾ ಮೂಗು ಮುಚ್ಚಿ ಆಚೆ ತಿರುಗಿದರು. ಹಾವನ್ನು ಯಜಮಾನರೇ ಹೊಸ ಟವಲಿನಲ್ಲಿ ಎತ್ತಿ ಡಬ್ಬದಲ್ಲಿ ಮಲಗಿಸಿದರು. ಹಾಲೆರೆಯಬೇಕು, ಹಾಲೆಲ್ಲಿ? ಪಕ್ಕದ ಕಾಫಿ ಅಂಗಡಿಯಲ್ಲಿ ಇದ್ದದ್ದು ಕಾಫಿಗೆ ಹಾಕುವ ಗಟ್ಟಿ ಸಿಹಿ ಹಾಲಿನ ಡಬ್ಬಿ ಮಾತ್ರ. ಅದನ್ನೇ ಸುರಿದರು. ಮೇಷ್ಟ್ರ ಹೆಂಡತಿ ಅನ್ನಕ್ಕೆಂದು ಕೊರಟಗೆರೆಯಿಂದ ತಂದಿದ್ದ ತುಪ್ಪ ಹಾಕಿದರು.

ಬೆಂಕಿ ಹಚ್ಚಬೇಕು ಅನ್ನುವಾಗ ಅಜ್ಜಿ ತಡೆದಳು. ಬರಿಗೈಯಲ್ಲಿ ಕಳಿಸುತ್ತಾರಾ ಯಾರಾದರೂ ಅಂತ ಗದರಿ, ಒಳಗಿನಿಂದ ಒಂದು ಕಟ್ಟು ತಂದಳು. ಕಾಗದದ ನೋಟು, ಕಾಗದದ ಕೋಟು, ಕಾಗದದ ಬೈಕು, ಒಂದು ಜೊತೆ ಕಾಗದದ ಶೂ. ಒಂದೊಂದನ್ನೂ ಹಾವಿನ ಪಕ್ಕ ಜೋಡಿಸಿದಳು.

ಯಜಮಾನರು ಗಾಬರಿಯಿಂದ ನನ್ನ ಕಡೆ ನೋಡಿದರು. “ಅಮ್ಮಾ, ಶೂ ಎಲ್ಲಿಗೆ ಹಾಕ್ಕೊಳ್ತದೆ? ತಪ್ಪಾಗಲ್ವಾ?”

ಚಾಚಾ ಸಮಾಧಾನ ಹೇಳಿದರು. “ಇರ್ಲಿ ಬಿಡಿ ಯಜಮಾನ್ರೇ. ಹೆಂಗೂ ಬೈಕ್ ಐತೆ, ನಡೆಯೋ ಕೆಲಸ ಇಲ್ಲ.”

ಯಜಮಾನರು ಬೆಂಕಿಕಡ್ಡಿ ಗೀರಿ ಹಾಕಿದರು. ಎಷ್ಟು ಕಾಲ ಹೆಂಡದಲ್ಲಿ ನೆಂದಿದ್ದ ಹಾವೋ! ಭಗ್ ಅಂತ ಎದ್ದ ಜ್ವಾಲೆ ಅಂಗಡಿಯ ಚಪ್ಪರದವರೆಗೆ ಹೋಯಿತು. ನಾವೆಲ್ಲ ಚೀರಿಕೊಂಡು ಚದುರಿದೆವು. ನಾನು ಕಾಫಿ ಅಂಗಡಿಯ ಸ್ಟೂಲಿನ ಹಿಂದೆ ಅಡಗಿದೆ, ಅದು ಮೊಣಕಾಲಿಗೂ ಬರುವಂತಿರಲಿಲ್ಲ. ಬೀದಿ ತುಂಬ ಮೈಸೂರು ಪಾಕಿನ ವಾಸನೆ. ಅಜ್ಜಿಯೊಬ್ಬಳೇ ಕದಲಲಿಲ್ಲ. ಕೋಲಿನಿಂದ ಬೆಂಕಿ ಕೆದಕುತ್ತ, ಇಂಥ ಜ್ವಾಲೆ ನೋಡಿಯೇ ಇಲ್ಲ, ಹೋದವರಿಗೆ ತುಂಬ ತೃಪ್ತಿಯಾಗಿದೆ ಅಂದಳು.

ಆಗ ಯಜಮಾನರ ಫೋನ್ ಹೊಡೆದುಕೊಂಡಿತು. ತೆಗೆಯಲು ಅವರಿಗೆ ಧೈರ್ಯವಿಲ್ಲ. ನನ್ನ ಕೈಗೆ ಕೊಟ್ಟರು. ನನಗೆ ಮೊದಲೇ ಇಲ್ಲ. ಹೇಗೋ ಒತ್ತಿ ಕಿವಿಗಿಟ್ಟುಕೊಂಡು, ನಾನು ಟೂರ್ ಮೇಡಂ ಅಂದೆ. ಆ ಕಡೆ ಅವರ ಹೆಂಡತಿ. “ಹೆಣ್ಣು ಮಗೂಮ್ಮಾ! ತಾಯಿ ಮಗು ಇಬ್ರೂ ಚೆನ್ನಾಗವ್ರೆ! ಆ ಮನುಷ್ಯನ್ಗೆ ಹೇಳ್ರಿ, ಅಲ್ಲೇನೂ ಹುಚ್ಚಾಟ ಆಡ್ಬೇಡ ಅಂತ!”

ಹೇಳಿದೆ. ಯಜಮಾನರು ಫುಟ್‌ಪಾತಿನ ಮೇಲೆ ಕೂತು, ಮುಖಕ್ಕೆ ಕೈ ಮುಚ್ಚಿಕೊಂಡು ಗಳಗಳ ಅತ್ತರು. ನಾನೂ ಅತ್ತೆ. ಚಾಚಿ, ಮೇಷ್ಟ್ರ ಹೆಂಡತಿ ಇಬ್ಬರೂ ಅತ್ತರು. ಏನಾಯಿತು ಅಂತ ಪೂರ್ತಿ ತಿಳಿಯದೆ ಅಜ್ಜಿಯೂ ನಮ್ಮ ಜೊತೆ ಅತ್ತಳು. ಆ ಟೂರಿನಲ್ಲಿ ನನ್ನ ಎದೆ ಹಗುರವಾದದ್ದು ಆಗಲೇ.

ಅದು ಬೆಳಗಿನವರೆಗೆ ಮಾತ್ರ. ಮಾರನೇ ದಿನ ಲಗೇಜ್ ಹಿಡಿದು ಹೋಟೆಲಿನ ಬಾಗಿಲು ತೆರೆದರೆ, ಮೆಟ್ಟಿಲ ಕೆಳಗಿನಿಂದ ಬೀದಿಯ ಮೂಲೆಯವರೆಗೆ ಜನ ಸಾಲಾಗಿ ನಿಂತಿದ್ದಾರೆ. ಪ್ರತಿಯೊಬ್ಬರ ಕೈಯಲ್ಲೂ ಬಾಟ್ಲಿ. ಪ್ರತಿ ಬಾಟ್ಲಿಯಲ್ಲೂ ನಾಗರಹಾವು. ಒಂದರ ಬಾಯಲ್ಲಿ ಚೇಳು ಬೇರೆ. ಎಲ್ಲರಿಗಿಂತ ಮುಂದೆ ನಮ್ಮ ಅಜ್ಜಿ, ಕಂಕುಳಲ್ಲಿ ಕಾಗದದ ಕಾರು. ಸತ್ತ ನೆಂಟರನ್ನು ಚೌಕಾಸಿ ಮಾಡದೆ ಬಿಡಿಸಿಕೊಂಡು ಮರ್ಯಾದೆಯಿಂದ ಕಳಿಸಿಕೊಡುವ ಭಾರತದ ಪುಣ್ಯಾತ್ಮರೊಬ್ಬರು ಬಂದಿದ್ದಾರೆ ಅಂತ ಪೇಟೆಗೆಲ್ಲ ಸುದ್ದಿಯಾಗಿತ್ತಂತೆ.

ವಿಮಾನಕ್ಕೆ ಹೊತ್ತಾಗುತ್ತಿದೆ. ಈ ಮನುಷ್ಯ ಎಲ್ಲವನ್ನೂ ಸುಟ್ಟೇ ಬರುತ್ತೇನೆ ಅಂತ ಕೂತರೆ? ಯಜಮಾನರು ಚಪ್ಪಲಿ ಬಿಟ್ಟರು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವರು ಸಾಲಿನುದ್ದಕ್ಕೂ ಹೋಗಿ, ಒಂದೊಂದು ಬಾಟ್ಲಿಯ ಮುಂದೆಯೂ ನಿಂತು, ಕೈ ಮುಗಿದು ಭಕ್ತಿಯಿಂದ ಹೇಳುತ್ತಿದ್ದರು:

“ತಪ್ಪು ತಿಳೀಬೇಡ ಸ್ವಾಮೀ. ನಂಗಿರೋದು ಒಬ್ಳೇ ಮಗಳು.”